‘ಹೌ ದಿ ವೆಸ್ಟ್ ವಾಸ್ ವನ್’ ಬ್ಲೂ-ರೇ: ಲೆಟರ್‌ಬಾಕ್ಸಾ, ಸ್ಮೈಲ್‌ಬಾಕ್ಸಾ?

ಪರದೆಕಣ್ಣು:
1962ರ ‘ಹೌ ದಿ ವೆಸ್ಟ್ ವಾಸ್ ವನ್’ ಚಿತ್ರದ ವಾರ್ನರ್ ಬ್ಲೂ-ರೇ ಬಗ್ಗೆ ಕೇಳಬೇಕಿತ್ತು. ಸೆಟ್‌ನಲ್ಲಿ ಎರಡು ಡಿಸ್ಕ್. ಒಂದರಲ್ಲಿ ಲೆಟರ್‌ಬಾಕ್ಸ್, ಇನ್ನೊಂದರಲ್ಲಿ ಸ್ಮೈಲ್‌ಬಾಕ್ಸ್. ಲೆಟರ್‌ಬಾಕ್ಸ್ ಹಾಕಿದರೆ 55 ಇಂಚಿನ ಟಿವಿಯಲ್ಲಿ ಮೇಲೂ ಕೆಳಗೂ ದಪ್ಪ ಕಪ್ಪು ಪಟ್ಟಿ, ನಡುವೆ ರಿಬ್ಬನ್ನಿನಂಥ ಚಿತ್ರ. ರೈಲು ಹಳಿ ಎರಡು ಕಡೆ ಮುರಿದ ಹಾಗೆ ಕಾಣುತ್ತೆ, ಆಕಾಶದಲ್ಲಿ ನೆಟ್ಟಗೆ ಎರಡು ಗೆರೆ. ಸ್ಮೈಲ್‌ಬಾಕ್ಸ್ ಹಾಕಿದರೆ ಚಿತ್ರ ಡಮರುಗವನ್ನು ಅಡ್ಡ ಮಲಗಿಸಿದ ಹಾಗಿದೆ. ಜೊತೆಗೆ ಮಾತು ಒಮ್ಮೆ ಎಡ ಸ್ಪೀಕರಿನಿಂದ, ಒಮ್ಮೆ ಬಲದಿಂದ ಬರುತ್ತೆ. ಡಿಸ್ಕ್ ದೋಷವಾ, ಸೆಟ್ಟಿಂಗ್ ದೋಷವಾ, ಚಿತ್ರವೇ ಹೀಗಾ? ಯಾವ ಡಿಸ್ಕಿನಿಂದ ಶುರು ಮಾಡಬೇಕು?

ಕರಾವಳಿ_ನೋಡುಗ:
ದೋಷ ಯಾವುದೂ ಇಲ್ಲ ಮಾರಾಯ್ರೆ, ಅದು 70 ಎಂಎಂ ಚಿತ್ರ. ಅದಕ್ಕೇ ಅಷ್ಟು ಅಗಲ. ಲೆಟರ್‌ಬಾಕ್ಸ್ ನೋಡಿ ಸಾಕು.

ಮೂರುಸುರುಳಿ:
70 ಎಂಎಂ ಅಲ್ಲ ಸರ್. ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಉಳಿದ ಗೊಂದಲವೆಲ್ಲ ಹುಟ್ಟುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇದು ಸಿನೆರಾಮಾ. ಫ್ರೆಡ್ ವಾಲರ್ ರೂಪಿಸಿದ ಪದ್ಧತಿ. ಜನರ ಮುಂದೆ ಬಂದದ್ದು 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ. ಒಂದೇ ಕ್ಯಾಮೆರಾದೊಳಗೆ ಮೂರು ಲೆನ್ಸ್, ಮೂರೂ 27 ಮಿ.ಮೀ. ಒಂದೊಂದು ಲೆನ್ಸಿನ ಹಿಂದೆ ಒಂದೊಂದು ಮಾಮೂಲಿ 35 ಎಂಎಂ ಸುರುಳಿ. ಫಿಲ್ಮಿನ ಅಂಚಿನ ರಂಧ್ರಗಳ ಲೆಕ್ಕದಲ್ಲಿ ಮಾಮೂಲಿ ಚಿತ್ರದ ಫ್ರೇಮಿಗೆ ನಾಲ್ಕು ರಂಧ್ರದ ಎತ್ತರ, ಇದಕ್ಕೆ ಆರು. ಥಿಯೇಟರಿನಲ್ಲಿ ಮೂರು ಪ್ರೊಜೆಕ್ಟರು ಮೂರು ಕೋಣೆಯಲ್ಲಿ. ಎಡಗಡೆಯದು ಪರದೆಯ ಬಲ ಭಾಗಕ್ಕೆ ಬೆಳಕು ಹಾಯಿಸುತ್ತೆ, ಬಲಗಡೆಯದು ಎಡಕ್ಕೆ, ನಡುವಿನದು ನೇರ. ಪರದೆ 146 ಡಿಗ್ರಿ ಬಾಗಿರುತ್ತೆ, ನೋಡುಗನನ್ನು ಎರಡೂ ಕಡೆಯಿಂದ ಬಳಸಿಕೊಂಡ ಹಾಗೆ.

ಈಗ ಆ ಬಾಗಿದ ಪರದೆಯನ್ನು ಬಿಚ್ಚಿ ಗೋಡೆಗೆ ಚಪ್ಪಟೆಯಾಗಿ ಹೊಡೆದರೆ ಏನಾಗುತ್ತೆ? ಮೂರು ಲೆನ್ಸು ಮೂರು ದಿಕ್ಕಿಗೆ ನೋಡಿದ ಚಿತ್ರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನೇರ ಹಳಿ, ಬೇಲಿ, ಹಡಗಿನ ಕಟಕಟೆ, ಏನೇ ಇರಲಿ, ಎರಡು ಚಿತ್ರ ಸೇರುವ ಕಡೆ ಕೋನ ಬದಲಾಗಿ ಮಡಚಿಕೊಂಡಂತೆ ಕಾಣುತ್ತೆ. ಬಾಗಿದ ಪರದೆಯಲ್ಲಿ ಆ ಮಡಿಕೆ ತಾನಾಗಿ ಬಿಡಿಸಿಕೊಳ್ಳುತ್ತೆ. ನೀವು ಲೆಟರ್‌ಬಾಕ್ಸಿನಲ್ಲಿ ನೋಡಿದ್ದು ಆ ಮಡಿಕೆಯನ್ನೇ.

ಸ್ಮೈಲ್‌ಬಾಕ್ಸ್ ಮಾಡುವ ಕೆಲಸ ಇಷ್ಟೇ: ಬಾಗಿದ ಪರದೆಯನ್ನು ಎದುರಿನ ಕುರ್ಚಿಯಿಂದ ನೋಡಿದರೆ ಹೇಗೆ ಕಾಣುತ್ತೋ ಹಾಗೆ ಚಿತ್ರವನ್ನು ಮತ್ತೆ ರೂಪಿಸುತ್ತೆ. ಅಂಚುಗಳು ನಮಗೆ ಹತ್ತಿರ, ಅದಕ್ಕೇ ಎತ್ತರ. ನಡುಭಾಗ ದೂರ, ಅದಕ್ಕೇ ಸಣ್ಣ. ನಿಮ್ಮ ಡಮರುಗ ಬಂದದ್ದು ಅಲ್ಲಿಂದ.

ಪರದೆಕಣ್ಣು:
ಅರ್ಥವಾಯಿತು ಸರ್. ಹಾಗಾದರೆ ಸ್ಮೈಲ್‌ಬಾಕ್ಸೇ ಸರಿ ಅಂತಲಾ?

ಮೂರುಸುರುಳಿ:
ಮೊದಲ ಸಲ ನೋಡುವವರಿಗೆ ಹೌದು, ಅದೇ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹೊಲಿಗೆಗೆರೆ:
ನಾನು ಒಪ್ಪುವುದಿಲ್ಲ. ಸ್ಮೈಲ್‌ಬಾಕ್ಸಿನಲ್ಲಿ ಪ್ರತಿ ಪಿಕ್ಸೆಲ್ ಅನ್ನೂ ಜಾಗ ಬದಲಿಸಿ ಮತ್ತೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಹಾಗೆ ಮಾಡಿದಾಗ ಚೂಪು ಒಂದು ಎಳೆಯಷ್ಟಾದರೂ ಕಡಿಮೆಯಾಗುತ್ತೆ. ನೆಗೆಟಿವಿನಲ್ಲಿ ಏನಿದೆಯೋ ಅದಕ್ಕೆ ಹತ್ತಿರದ್ದು ಲೆಟರ್‌ಬಾಕ್ಸ್.

ಅದರಲ್ಲೂ ಲೆಕ್ಕ ನೋಡಿ. ಚಿತ್ರದ ಅನುಪಾತ 2.89ಕ್ಕೆ 1. ಬ್ಲೂ-ರೇಯ 1920 ಪಿಕ್ಸೆಲ್ ಅಗಲಕ್ಕೆ ಎತ್ತರ ಸಿಗುವುದು ಸುಮಾರು 664 ಸಾಲು. 1080ರಲ್ಲಿ ಉಳಿದದ್ದೆಲ್ಲ ಕಪ್ಪು. ಮೂರು ಸುರುಳಿಯ ಮೂರು ಚಿತ್ರಪಟ್ಟಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಬರೀ 640 ಪಿಕ್ಸೆಲ್ ಅಗಲ. ಇರುವುದೇ ಇಷ್ಟು, ಅದನ್ನೂ ತಿರುಚಿ ಕಳೆದುಕೊಳ್ಳುವುದು ಯಾಕೆ?

ಮೂರುಸುರುಳಿ:
ಲೆಕ್ಕ ಸರಿ, ತೀರ್ಮಾನ ತಪ್ಪು. ನೆಗೆಟಿವಿಗೆ ಹತ್ತಿರ ಅಂದಿರಿ. ಆದರೆ ನೆಗೆಟಿವ್ ನೋಡುಗನಿಗಾಗಿ ಮಾಡಿದ್ದಲ್ಲ, ಪರದೆ ಮಾಡಿದ್ದು ನೋಡುಗನಿಗಾಗಿ. ಸಿನೆಮಾಸ್ಕೋಪಿನ ನೆಗೆಟಿವಿನಲ್ಲಿ ಮುಖಗಳು ಹೀರೇಕಾಯಿಯಂತೆ ಉದ್ದುದ್ದ ಇರುತ್ತವೆ. ಅದನ್ನು ಹಿಗ್ಗಿಸದೆ ಹಾಗೇ ತೋರಿಸಿ ‘ಮೂಲಕ್ಕೆ ನಿಷ್ಠೆ’ ಅನ್ನುತ್ತೀರಾ? ಸಿನೆರಾಮಾಕ್ಕೆ ಬಾಗು ಅನ್ನುವುದು ಸ್ಕೋಪಿಗೆ ಆ ಹಿಗ್ಗು ಇದ್ದ ಹಾಗೆ. ಅದು ಅಲಂಕಾರ ಅಲ್ಲ, ಲೆನ್ಸಿನ ಅರ್ಧ ಭಾಗ.

ಕತ್ತಲಕೋಣೆ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಣ್ಣೋಟದ ಸಮಸ್ಯೆ. ಎಡ ಪಟ್ಟಿಯಲ್ಲಿ ನಿಂತ ನಟ ಬಲ ಪಟ್ಟಿಯಲ್ಲಿರುವವರ ಜೊತೆ ಮಾತಾಡುವಾಗ ಅವರನ್ನೇ ನೇರ ನೋಡಿದರೆ, ಬಾಗಿದ ಪರದೆಯ ಮೇಲೆ ಬೇರೆ ಎಲ್ಲೋ ನೋಡುತ್ತಿರುವಂತೆ ಕಾಣುತ್ತಿತ್ತು. ಹಾಗಾಗಿ ಎದುರಿಗಿದ್ದವರನ್ನು ಬಿಟ್ಟು, ಗುರುತು ಹಾಕಿಕೊಟ್ಟ ಇನ್ನೊಂದು ಜಾಗವನ್ನು ನೋಡುತ್ತಾ ಮಾತಾಡಬೇಕಿತ್ತು. ಲೆಟರ್‌ಬಾಕ್ಸ್ ನೋಡಿ ‘ಇವರ ನಟನೆ ಯಾಕೋ ಹೊಂದುತ್ತಿಲ್ಲ’ ಅನ್ನುವವರು ನಟರನ್ನು ಬೈಯುವ ಮೊದಲು ಇದನ್ನು ನೆನೆಯಬೇಕು.

ಕ್ಲೋಸಪ್ ಇಲ್ಲದಿರುವುದಕ್ಕೂ ಕಾರಣ ಅದೇ ಲೆನ್ಸ್. 27 ಮಿ.ಮೀ. ಬಿಟ್ಟು ಬೇರೆ ಹಾಕುವ ಹಾಗಿಲ್ಲ, ಜೂಮ್ ಇಲ್ಲ. ಮುಖ ದೊಡ್ಡದಾಗಿ ಬೇಕಾದರೆ ಆ ಭಾರಿ ಕ್ಯಾಮೆರಾವನ್ನೇ ಮೂಗಿನ ಹತ್ತಿರ ಒಯ್ಯಬೇಕು. ಇಡೀ ಚಿತ್ರ ನಾಟಕದ ರಂಗದಂತೆ ದೂರದಿಂದಲೇ ಕಾಣುವುದು ಅದಕ್ಕೆ.

ಧಾರವಾಡ_ಮಳೆ:
ಅಲ್ರೀ, ಜಾನ್ ಫೋರ್ಡ್ ಅಂಥಾ ಡೈರೆಕ್ಟರ್ ಇದಕ್ಕ ಒಪ್ಪಿ ಇಡೀ ಸಿನಿಮಾ ಹೆಂಗ ಮಾಡಿದ?

ಕತ್ತಲಕೋಣೆ:
ಇಡೀ ಸಿನಿಮಾ ಅವರದಲ್ಲರೀ. ಐದು ಭಾಗ ಇವೆ. ನದಿ, ಬಯಲು, ಕೊನೆಯ ದರೋಡೆಕೋರರ ಭಾಗ, ಈ ಮೂರೂ ಹೆನ್ರಿ ಹ್ಯಾಥವೇ ಅವರದು. ಅಂತರ್ಯುದ್ಧದ ಭಾಗ ಮಾತ್ರ ಫೋರ್ಡ್. ರೈಲು ಹಾಕುವ ಭಾಗ ಜಾರ್ಜ್ ಮಾರ್ಷಲ್. ನಡುವಿನ ಕೊಂಡಿಯ ದೃಶ್ಯಗಳನ್ನು ರಿಚರ್ಡ್ ಥಾರ್ಪ್ ತೆಗೆದರು, ಟೈಟಲಿನಲ್ಲಿ ಹೆಸರಿಲ್ಲ. ನಿರೂಪಣೆಯ ಧ್ವನಿ ಸ್ಪೆನ್ಸರ್ ಟ್ರೇಸಿಯದು.

ಧಾರವಾಡ_ಮಳೆ:
ಹಂಗಾದ್ರ ಫೋರ್ಡ್ ಭಾಗ ಒಂದ ನೋಡಿದ್ರ ಸಾಕು.

ಕುದುರೆಸವಾರ_68:
ಹಾಗೆ ಅನ್ನಬೇಡಿ ಸರ್. ಫೋರ್ಡ್ ಭಾಗ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಮೌನದ್ದು. ಮಗ ಯುದ್ಧಕ್ಕೆ ಹೊರಟಾಗ ಬೇಲಿಯ ಹತ್ತಿರ ತಾಯಿ ನಿಲ್ಲುವುದು, ಶೈಲೋ ಕದನದ ರಾತ್ರಿ ಸೇನಾಪತಿಗಳಾದ ಗ್ರಾಂಟ್ ಮತ್ತು ಶರ್ಮನ್ ಮಾತಾಡುವುದು. ಕ್ಯಾಮೆರಾ ಅಲುಗುವುದೇ ಇಲ್ಲ. ಫೋರ್ಡ್‌ಗೆ ಕ್ಯಾಮೆರಾ ಓಡಿಸುವ ಚಟ ಮೊದಲೇ ಇರಲಿಲ್ಲ, ಹಾಗಾಗಿ ಈ ಯಂತ್ರದ ಮಿತಿ ಅವರಿಗೆ ಅಷ್ಟು ತೊಡಕಾಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಸಿನೆರಾಮಾ ಯಾಕೆ ಬೇಕಿತ್ತು ಅಂತ ತಿಳಿಯಬೇಕಾದರೆ ಹ್ಯಾಥವೇಯ ನದಿಯನ್ನೂ ಮಾರ್ಷಲ್‌ನ ಕಾಡೆಮ್ಮೆ ಓಟವನ್ನೂ ನೋಡಲೇಬೇಕು. ಆ ಕಾಡೆಮ್ಮೆಗಳನ್ನು ಚಿತ್ರಿಸಿದ್ದು ದಕ್ಷಿಣ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕಿನಲ್ಲಿ. ಸ್ಮೈಲ್‌ಬಾಕ್ಸಿನಲ್ಲಿ ಹಿಂಡು ಎರಡೂ ಬದಿಯಿಂದ ನಮ್ಮನ್ನು ಹಾದು ಹೋಗುತ್ತೆ. ಲೆಟರ್‌ಬಾಕ್ಸಿನಲ್ಲಿ ಅದೇ ಹಿಂಡು ಎದುರಿನ ಬೀದಿಯಲ್ಲಿ ಹೋದ ಹಾಗೆ ಅಷ್ಟೆ.

ಹೊಲಿಗೆಗೆರೆ:
ಅದನ್ನು ಒಪ್ಪುತ್ತೇನೆ. ಓಟದ ದೃಶ್ಯಗಳಿಗೆ ಸ್ಮೈಲ್‌ಬಾಕ್ಸ್. ಆದರೆ ಶೈಲೋ ರಾತ್ರಿ ಲೆಟರ್‌ಬಾಕ್ಸಿನಲ್ಲೇ ಚೆನ್ನ. ಕತ್ತಲಲ್ಲಿ ಮೂರು ಚಿತ್ರ ಸೇರುವ ಹೊಲಿಗೆ ಕಾಣುವುದಿಲ್ಲ, ಮಡಚಿಕೊಳ್ಳುವಂಥ ಉದ್ದ ಗೆರೆಯೂ ಇಲ್ಲ.

ಹಳೆಬೇರು:
ನನ್ನ ಹತ್ತಿರ ಡಿವಿಡಿ ಇದೆ. ಅದರಲ್ಲಿ ಸ್ಮೈಲ್‌ಬಾಕ್ಸ್ ಎಲ್ಲೂ ಕಾಣುತ್ತಿಲ್ಲವಲ್ಲ?

ಮೂರುಸುರುಳಿ:
ಇರುವುದಿಲ್ಲ. 2008ರಲ್ಲಿ ಹೊಸ ಡಿವಿಡಿಯೂ ಬ್ಲೂ-ರೇಯೂ ಒಟ್ಟಿಗೆ ಬಂದವು, ಸ್ಮೈಲ್‌ಬಾಕ್ಸ್ ಕೊಟ್ಟದ್ದು ಬ್ಲೂ-ರೇಗೆ ಮಾತ್ರ. ಕೊಳ್ಳುವವರು ಹಿಂಬದಿಯಲ್ಲಿ ಆ ಹೆಸರು ಇದೆಯಾ ಅಂತ ಓದಿಯೇ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಎರಡೂ ಡಿಸ್ಕಿನ ಫೋಟೋ ಕೇಳಿ. ಎರಡನೆಯದು ಇಲ್ಲದ ಸೆಟ್ ತೆಗೆದುಕೊಂಡರೆ ಅರ್ಧ ಕಾಸು ದಂಡ. ಡಿವಿಡಿಯಲ್ಲಿ ಇನ್ನೊಂದು ತೊಂದರೆ: ಅಮೆರಿಕದ ಡಿವಿಡಿಯ 480 ಸಾಲಿನಲ್ಲಿ ಈ ಚಿತ್ರಕ್ಕೆ ಸಿಗುವುದು ಸುಮಾರು 295 ಸಾಲು. ದೂರ ನಿಂತವರ ಮುಖ ಗುರುತು ಸಿಗುವುದೇ ಕಷ್ಟ. ಈ ಚಿತ್ರದಲ್ಲಿ ಎಲ್ಲರೂ ದೂರವೇ ನಿಂತಿರುತ್ತಾರೆ.

ಇನ್ನೂ ಹಿಂದಿನ ಟಿವಿ ಆವೃತ್ತಿಗಳು ಪರದೆ ತುಂಬಿಸುವುದಕ್ಕೆ 1.33ಕ್ಕೆ ಕತ್ತರಿಸುತ್ತಿದ್ದವು. 2.89ರಲ್ಲಿ 1.33 ಅಂದರೆ ಅರ್ಧಕ್ಕಿಂತ ಕಡಿಮೆ, ಶೇ. 46. ಹೆಂಡತಿ ಮಾತಾಡಿದರೆ ಗಂಡ ಮಾಯ, ಗಂಡ ಮಾತಾಡಿದರೆ ಹೆಂಡತಿ ಮಾಯ.

ಫ್ರೀಮಾಂಟ್_ಕನ್ನಡಿಗ:
ಊರಿಗೆ ಅಮೆರಿಕದಿಂದ ಡಿಸ್ಕ್ ತರಿಸಿಕೊಳ್ಳುವವರಿಗೆ: ಬ್ಲೂ-ರೇಯಲ್ಲಿ ಅಮೆರಿಕ ‘ಎ’ ವಲಯ, ಭಾರತ ‘ಸಿ’. ಈ ಡಿಸ್ಕಿಗೆ ವಲಯದ ಬೀಗ ಇಲ್ಲ, ಊರಿನ ಪ್ಲೇಯರಿನಲ್ಲಿ ಓಡುತ್ತೆ. ಡಿವಿಡಿ ಬೇರೆ ಲೆಕ್ಕ. ಅಮೆರಿಕ 1, ಭಾರತ 5. ಅಮೆರಿಕದ ಡಿವಿಡಿ ಊರಿನ ಪ್ಲೇಯರಿನಲ್ಲಿ ಓಡುತ್ತೆ ಅಂತ ನಂಬಿ ತರಿಸಬೇಡಿ.

ಪರದೆಕಣ್ಣು:
ಆಕಾಶದ ಗೆರೆ ಸ್ಮೈಲ್‌ಬಾಕ್ಸಿನಲ್ಲೂ ಇದೆ. ಅದಕ್ಕೆ ಪರಿಹಾರ ಇದೆಯಾ?

ಹೊಲಿಗೆಗೆರೆ:
ಇದು ನನ್ನ ವಿಷಯ. ಗೆರೆಗೆ ಮೂರು ಕಾರಣ. ಒಂದು, ಪಕ್ಕಪಕ್ಕದ ಚಿತ್ರಗಳು ಸೇರುವ ಕಡೆ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ, ಅಲ್ಲಿ ಬೆಳಕು ಇಮ್ಮಡಿ. ಎರಡು, ಮೂರು ಸುರುಳಿಗಳ ಬಣ್ಣ ಮತ್ತು ಸಾಂದ್ರತೆ ಒಂದೇ ಹದದಲ್ಲಿ ತೊಳೆದು ಬಂದಿರುವುದಿಲ್ಲ. ವರ್ಷಗಳು ಹೋದಂತೆ ಬಣ್ಣ ಮಾಸುವುದೂ ಒಂದೊಂದರದು ಒಂದೊಂದು ವೇಗ. ಮೂರು, ಮೂರೂ ಚಿತ್ರ ತಮ್ಮ ಪಾಡಿಗೆ ತಾವು ಕೂದಲೆಳೆಯಷ್ಟು ಅಲುಗುತ್ತವೆ.

ಆಗಿನ ಥಿಯೇಟರಿನಲ್ಲಿ ಮೊದಲನೆಯದಕ್ಕೆ ಪ್ರೊಜೆಕ್ಟರಿನ ಗೇಟಿನ ಅಂಚಿಗೆ ಬಾಚಣಿಗೆಯಂಥ ಹಲ್ಲಿನ ತುಂಡು ಇಡುತ್ತಿದ್ದರು. ಅದು ವೇಗವಾಗಿ ಮೇಲೆ ಕೆಳಗೆ ನಡುಗಿ ಅಂಚನ್ನು ಮಸುಕು ಮಾಡುತ್ತಿತ್ತು. ಡಿಸ್ಕಿಗೆ ಮಾಡುವಾಗ ಈ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಅಂಚು ಬೆರೆಸಿ, ಬಣ್ಣ ಸರಿದೂಗಿಸಿ, ಅಲುಗಾಟ ನಿಲ್ಲಿಸಿ. ಹಳೆಯ ಡಿವಿಡಿಯ ಪಕ್ಕ ಇಟ್ಟು ನೋಡಿದರೆ ಎಷ್ಟು ಶ್ರಮ ಅಂತ ಗೊತ್ತಾಗುತ್ತೆ. ಆದರೂ ಬರಿ ಆಕಾಶ, ಹಿಮ, ಬಿಳಿ ಗೋಡೆ ಬಂದಲ್ಲಿ ಗೆರೆ ಅಷ್ಟಿಷ್ಟು ಉಳಿದಿದೆ. ಚಿತ್ರ ತೆಗೆದವರಿಗೂ ಇದು ಗೊತ್ತಿತ್ತು. ಗೆರೆ ಬೀಳುವ ಎರಡು ಜಾಗಕ್ಕೆ ಸರಿಯಾಗಿ ಮರ, ಕಂಬ, ಬಾಗಿಲ ಚೌಕಟ್ಟು ತಂದು ನಿಲ್ಲಿಸುತ್ತಿದ್ದರು. ಚಿತ್ರ ನೋಡುತ್ತಾ ಆ ಮರಗಳನ್ನು ಹುಡುಕಿ, ಸಿಗುತ್ತವೆ.

ನಿಮ್ಮ ಟಿವಿಯಲ್ಲಿ ಗೆರೆ ಕಣ್ಣಿಗೆ ಕುಕ್ಕುತ್ತಿದ್ದರೆ ಅದು ಸೆಟ್ಟಿಂಗ್‌ನಿಂದಲೂ ಆಗಿರಬಹುದು. ‘ಡೈನಮಿಕ್ ಕಾಂಟ್ರಾಸ್ಟ್’ ಆಫ್ ಮಾಡಿ, ಅದು ಸಣ್ಣ ಬಣ್ಣದ ವ್ಯತ್ಯಾಸವನ್ನು ಹಿಗ್ಗಿಸುತ್ತೆ. ‘ಶಾರ್ಪ್‌ನೆಸ್’ ಸೊನ್ನೆಗೆ ಇಳಿಸಿ. ಕೆಲವು ಟಿವಿಯಲ್ಲಿ ತಟಸ್ಥ ಮಟ್ಟ ಸೊನ್ನೆ ಅಲ್ಲ, ನಡುವೆ ಇರುತ್ತೆ, ಅಕ್ಷರದ ಸುತ್ತ ಬಿಳಿ ಅಂಚು ಮಾಯವಾಗುವ ತನಕ ಇಳಿಸಿ. ಚಲನೆ ನಯ ಮಾಡುವ ಸೌಲಭ್ಯವನ್ನೂ ಮುಚ್ಚಿ. ಕುದುರೆ ಗೆರೆ ದಾಟುವಾಗ ದಿಕ್ಕು ಸ್ವಲ್ಪ ಬದಲಾಗುತ್ತೆ, ಅಲ್ಲಿ ಆ ಲೆಕ್ಕಾಚಾರ ತಪ್ಪಿ ಕಾಲುಗಳು ಕಲಸಿಹೋಗುತ್ತವೆ. ಪ್ಲೇಯರಿನಲ್ಲಿ 24 ಫ್ರೇಮ್ ಔಟ್‌ಪುಟ್ ಆನ್ ಇರಲಿ. ಓವರ್‌ಸ್ಕ್ಯಾನ್ (ಚಿತ್ರವನ್ನು ಪರದೆಯಾಚೆಗೆ ಹಿಗ್ಗಿಸುವ ಸೆಟ್ಟಿಂಗ್) ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಎರಡೂ ಅಂಚು ಟಿವಿಯೇ ನುಂಗುತ್ತೆ. ಅಷ್ಟು ಅಗಲ ತೆಗೆದದ್ದೇ ಅಂಚಿಗಾಗಿ.

ಪರದೆಕಣ್ಣು:
ಡೈನಮಿಕ್ ಕಾಂಟ್ರಾಸ್ಟ್ ‘ಹೈ’ನಲ್ಲಿತ್ತು! ತೆಗೆದ ಮೇಲೆ ಗೆರೆ ಮುಕ್ಕಾಲು ಪಾಲು ಹೋಯಿತು.

ಕರಾವಳಿ_ನೋಡುಗ:
ಬಾಗಿದ ಟಿವಿಗಳು ಬಂದಿದ್ದವಲ್ಲ, ಅದರಲ್ಲಿ ಲೆಟರ್‌ಬಾಕ್ಸ್ ಹಾಕಿದರೆ ಸಿನೆರಾಮಾ ಆಗ್ಲಿಕ್ಕಿಲ್ವಾ?

ಕತ್ತಲಕೋಣೆ:
ಆಗುವುದಿಲ್ಲ. ಆ ಟಿವಿಗಳ ಬಾಗಿನ ತ್ರಿಜ್ಯ ಸಾಮಾನ್ಯವಾಗಿ 4.2 ಮೀಟರ್. 55 ಇಂಚಿನದರ ಅಗಲ 122 ಸೆಂ.ಮೀ. ಲೆಕ್ಕ ಹಾಕಿದರೆ ಬಾಗು 17 ಡಿಗ್ರಿಯೂ ಇಲ್ಲ. ಬೇಕಿರುವುದು 146. ಮಡಿಕೆ ಹಾಗೇ ಉಳಿಯುತ್ತೆ.

ಬಾಗಿಗಿಂತ ಮುಖ್ಯ ಕೂರುವ ದೂರ. 55 ಇಂಚಿನ ಟಿವಿಯನ್ನು 2.5 ಮೀಟರ್ ದೂರದಿಂದ ನೋಡಿದರೆ ಚಿತ್ರ ನಮ್ಮ ಕಣ್ಣಿಗೆ ಸುಮಾರು 27 ಡಿಗ್ರಿ ಅಗಲ. 1.2 ಮೀಟರಿಗೆ ಬಂದರೆ 54 ಡಿಗ್ರಿ. ಕುರ್ಚಿ ಎಳೆದುಕೊಂಡು ಬರುವುದಕ್ಕೆ ಖರ್ಚು ಏನೂ ಇಲ್ಲ. ಟಿವಿಯ ನಟ್ಟ ನಡುವಿಗೆ ಸರಿಯಾಗಿ ಕೂರಬೇಕು, ಸ್ಮೈಲ್‌ಬಾಕ್ಸಿನ ಬಾಗು ಲೆಕ್ಕ ಹಾಕಿರುವುದೇ ನಡುವಿನ ಕುರ್ಚಿಗೆ. ಪಕ್ಕದ ಸೋಫಾದಿಂದ ನೋಡಿದವರಿಗೆ ಅದು ವಕ್ರ ಚಿತ್ರ ಮಾತ್ರ.

ಪ್ರೊಜೆಕ್ಟರ್ ಇದ್ದವರಿಗೆ: 120 ಇಂಚಿನ 16:9 ಪರದೆಯ ಅಗಲ ಸುಮಾರು 266 ಸೆಂ.ಮೀ. 2.5 ಮೀಟರಿನಲ್ಲಿ ಕೂತರೆ 56 ಡಿಗ್ರಿ. ಸ್ಕೋಪ್ ಪರದೆ (16:9ಕ್ಕಿಂತ ಅಗಲದ, 2.35ಕ್ಕೆ 1ರ ಪರದೆ) ಹಾಕಿಸಿದವರು ಒಂದು ಎಚ್ಚರ ವಹಿಸಬೇಕು: ಲೆಟರ್‌ಬಾಕ್ಸಿಗೆ ಲೆನ್ಸ್ ಜೂಮ್ ಮಾಡಿ ತುಂಬಿಸಿಕೊಳ್ಳಬಹುದು, ಆಗಲೂ 2.35ರ ಪರದೆಯಲ್ಲಿ ಎತ್ತರದ ಐದರಲ್ಲಿ ಒಂದು ಪಾಲು ಕಪ್ಪೇ ಉಳಿಯುತ್ತೆ. ಅದೇ ಜೂಮಿನಲ್ಲಿ ಸ್ಮೈಲ್‌ಬಾಕ್ಸ್ ಹಾಕಿದರೆ ಎತ್ತರದ ಮೂಲೆಗಳು ಪರದೆಯಾಚೆ ಗೋಡೆಗೆ ಚೆಲ್ಲುತ್ತವೆ. ಡಿಸ್ಕ್ ಬದಲಿಸಿದಾಗ ಜೂಮನ್ನೂ ಬದಲಿಸಿ.

ಪರದೆಯನ್ನೇ ಬಗ್ಗಿಸಿ ಕೂರಿಸುವ ಯೋಚನೆ ಇದ್ದರೆ ಅದರ ತೊಡಕೂ ತಿಳಿದಿರಲಿ. ಅಷ್ಟು ಬಾಗಿದ ಪರದೆಯ ಎಡ ಭಾಗದ ಬೆಳಕು ನೇರ ಬಲ ಭಾಗಕ್ಕೆ ಬಡಿದು ಚಿತ್ರ ಬೆಳ್ಳಗೆ ತೊಳೆದುಹೋಗುತ್ತೆ. ಅದಕ್ಕೇ ಮೂಲ ಸಿನೆರಾಮಾ ಪರದೆ ಒಂದೇ ಬಟ್ಟೆಯಲ್ಲ. ಸುಮಾರು 1,100 ಸಣ್ಣ ಲಂಬ ಪಟ್ಟಿಗಳನ್ನು ಕಿಟಕಿಯ ಪಟ್ಟಿಗಳ ಹಾಗೆ ಒಂದೊಂದನ್ನೂ ಪ್ರೇಕ್ಷಕರ ಕಡೆ ತಿರುಗಿಸಿ ನಿಲ್ಲಿಸಿದ್ದು.

ಧ್ವನಿಪೆಟ್ಟಿಗೆ:
ಶಬ್ದದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮಾತು ಎಡಬಲಕ್ಕೆ ಓಡುವುದು ದೋಷ ಅಲ್ಲ, ಅದೇ ಈ ಚಿತ್ರದ ಸೊಗಸು.

ಸಿನೆರಾಮಾದಲ್ಲಿ ಶಬ್ದಕ್ಕೆ ನಾಲ್ಕನೆಯ ಸುರುಳಿ, ಪೂರ್ತಿ ಮ್ಯಾಗ್ನೆಟಿಕ್ ಲೇಪನದ 35 ಎಂಎಂ, ಅದರಲ್ಲಿ ಏಳು ಟ್ರ್ಯಾಕ್. ಐದು ಪರದೆಯ ಹಿಂದಿನ ಸ್ಪೀಕರುಗಳಿಗೆ, ಎರಡು ಸಭಾಂಗಣದ ಸುತ್ತಲಿನವಕ್ಕೆ. ಪಾತ್ರ ಪರದೆಯಲ್ಲಿ ಎಲ್ಲಿ ನಿಂತಿದೆಯೋ ಮಾತು ಅಲ್ಲಿಂದಲೇ. ಈಗಿನ ಚಿತ್ರಗಳಲ್ಲಿ ಮಾತನ್ನೆಲ್ಲ ನಡು ಸ್ಪೀಕರಿಗೆ ಕಟ್ಟಿ ಹಾಕುವುದರಿಂದ ನಮಗೆ ಇದು ವಿಚಿತ್ರ ಅನ್ನಿಸುತ್ತೆ. ಬ್ಲೂ-ರೇಯಲ್ಲಿ ಇರುವುದು ಗುಣ ಕಳೆಯದ ಡಾಲ್ಬಿ ಟ್ರೂಎಚ್‌ಡಿ 5.1, ಐದು ಮುಂಭಾಗದ ಟ್ರ್ಯಾಕನ್ನು ಮೂರಕ್ಕೆ ಇಳಿಸಿಕೊಂಡದ್ದು.

ಸರಿಯಾಗಿ ಕೇಳಬೇಕಾದರೆ ಎಡ, ನಡು, ಬಲ ಮೂರೂ ಸ್ಪೀಕರು ಒಂದೇ ತಯಾರಿಕೆಯ ಒಂದೇ ಸಾಲಿನವು ಇರಬೇಕು. ನಡುವಿನದು ಬೇರೆಯಾದರೆ ನಟಿ ಎಡದಿಂದ ಬಲಕ್ಕೆ ನಡೆಯುವಷ್ಟರಲ್ಲಿ ಅವಳ ಕಂಠ ಮೂರು ಸಲ ಬದಲಾಗುತ್ತೆ. ಬೇರೆ ಚಿತ್ರಗಳಲ್ಲಿ ಮುಚ್ಚಿಹೋಗುವ ಈ ಕೊರತೆ ಇಲ್ಲಿ ಎದ್ದು ಬರುತ್ತೆ. ಎಡಬಲದವನ್ನು ಟಿವಿಗೆ ಅಂಟಿಸಿ ಇಡಬೇಡಿ, ಕುರ್ಚಿಯಿಂದ ನೋಡಿದರೆ ಒಂದೊಂದು ಕಡೆ 30 ಡಿಗ್ರಿ ಇರಲಿ. ಟೆಸ್ಟ್ ಶಬ್ದ ಹಾಕಿ ಮೂರನ್ನೂ 75 ಡೆಸಿಬೆಲಿಗೆ ಸರಿದೂಗಿಸಿ. ಸಣ್ಣ ಸ್ಪೀಕರಾದರೆ ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಶಬ್ದವನ್ನು ಸಬ್‌ವೂಫರಿಗೆ ಕಳಿಸುವ ಗಡಿ) 80 ಹರ್ಟ್ಸ್.

ಇನ್ನು ತಂತಿ. ಆಪ್ಟಿಕಲ್ ಕೇಬಲಿನಲ್ಲಿ ಟ್ರೂಎಚ್‌ಡಿ ಹೋಗುವುದಿಲ್ಲ, ಕುಗ್ಗಿಸಿದ ಡಾಲ್ಬಿ ಡಿಜಿಟಲ್ ಮಾತ್ರ. ಟಿವಿಯಿಂದ ರಿಸೀವರಿಗೆ ಶಬ್ದ ಕಳಿಸುವ ಎಚ್‌ಡಿಎಂಐ ದಾರಿಯಾದ ಮಾಮೂಲಿ ಎಆರ್‌ಸಿಯಲ್ಲೂ ಹೋಗುವುದಿಲ್ಲ, ಅದರ ಸುಧಾರಿತ ರೂಪ ಇ-ಎಆರ್‌ಸಿ ಬೇಕು. ಪ್ಲೇಯರಿನಿಂದ ನೇರ ರಿಸೀವರಿಗೆ ಎಚ್‌ಡಿಎಂಐ ಹಾಕಿದರೆ ಯಾವ ತಕರಾರೂ ಇಲ್ಲ. ರಿಸೀವರಿನಲ್ಲಿ ಡೈನಮಿಕ್ ರೇಂಜ್ ಕಂಟ್ರೋಲ್ ‘ಆಟೋ’ ಇದ್ದರೆ ‘ಆಫ್’ ಮಾಡಿ. ಆಟೋದಲ್ಲಿ ಬಿಟ್ಟರೆ ಸಂಗೀತ ನಿರ್ದೇಶಕ ಆಲ್ಫ್ರೆಡ್ ನ್ಯೂಮನ್ ಅವರ ವಾದ್ಯವೃಂದ ಪೂರ್ತಿ ಏಳುವ ಹೊತ್ತಿಗೆ ಯಾರೋ ಕಂಬಳಿ ಹೊದಿಸಿದ ಹಾಗೆ ಆಗುತ್ತೆ. ಈ ಚಿತ್ರಕ್ಕೆ ಬಂದ ಮೂರು ಆಸ್ಕರುಗಳಲ್ಲಿ ಒಂದು ಶಬ್ದಕ್ಕೇ. ಸೌಂಡ್‌ಬಾರಿನಲ್ಲಿ ಕೇಳಿ ‘ಪರವಾಗಿಲ್ಲ’ ಅನ್ನುವವರಿಗೆ ಅದು ಯಾಕೆ ಬಂತು ಅಂತ ತಿಳಿಯುವುದೇ ಇಲ್ಲ.

ಹಳೆಬೇರು:
ಇನ್ನೆರಡು ಯಾವುದಕ್ಕೆ?

ಧ್ವನಿಪೆಟ್ಟಿಗೆ:
ಸಂಕಲನಕ್ಕೆ ಹೆರಾಲ್ಡ್ ಎಫ್. ಕ್ರೆಸ್, ಕಥೆ-ಚಿತ್ರಕಥೆಗೆ ಜೇಮ್ಸ್ ಆರ್. ವೆಬ್.

ಧಾರವಾಡ_ಮಳೆ:
ಕಥಿಗೆ ಆಸ್ಕರ್ ಕೊಟ್ರಾ? ಅದ ಎಲ್ಲಕ್ಕಿಂತ ಸೋತದ್ದು ಅನಸ್ತದ ನೋಡ್ರಿ. ಒಂದು ಮನೆತನದ ಐವತ್ತು ವರ್ಷದ ಕಥಿ ಅಂತಾರ, ಒಬ್ಬರ ಪರಿಚಯ ಆಗೂದ್ರಾಗ ಅವರು ಸತ್ತ ಹೋಗಿರ್ತಾರ. ನೆಲದ ಮೂಲ ಜನರನ್ನಂತೂ ಗುಡ್ಡದ ಮ್ಯಾಲಿಂದ ಬರೂ ಸಿಡಿಲು ಮಾಡಿ ಇಟ್ಟಾರ. ಕೊನಿಗೆ ಅಣೆಕಟ್ಟು, ಲಾಸ್ ಏಂಜಲೀಸ್ ಹೆದ್ದಾರಿ, ಗೋಲ್ಡನ್ ಗೇಟ್ ಸೇತುವೆ ತೋರಿಸಿ ಎಲ್ಲಾ ಒಳ್ಳೇದ ಆತು ಅಂತ ಮುಗಸ್ತಾರ. ಯಾರಿಗೆ ಒಳ್ಳೇದಾತು?

ಕುದುರೆಸವಾರ_68:
ನಿರೂಪಣೆಯ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಗೆದ್ದವರ ಕಥೆಯನ್ನು ಗೆದ್ದವರೇ ಹೇಳಿಕೊಂಡದ್ದು, ಹೆಸರಲ್ಲೇ ಇದೆ. ಆದರೆ ರೈಲಿನ ಭಾಗವನ್ನು ಇನ್ನೊಮ್ಮೆ ನೋಡಿ ಸರ್. ಅರಾಪಾಹೋ ಜನರಿಗೆ ಕೊಟ್ಟ ಮಾತನ್ನು ಮುರಿಯುವುದು ರಿಚರ್ಡ್ ವಿಡ್‌ಮಾರ್ಕ್ ಮಾಡಿದ ರೈಲು ಕಂಪನಿಯ ಮನುಷ್ಯ. ಆ ಮಾತು ಕೊಡಿಸಿದವನು ಜಾರ್ಜ್ ಪೆಪಾರ್ಡ್ ಮಾಡಿದ ಸೈನ್ಯಾಧಿಕಾರಿ ಜೆಬ್. ಕಾಡೆಮ್ಮೆ ಹಿಂಡು ನುಗ್ಗುವುದು ಆ ದ್ರೋಹಕ್ಕೆ ಉತ್ತರವಾಗಿ. ಆಮೇಲೆ ಕ್ಯಾಮೆರಾ ತುಳಿತಕ್ಕೆ ಸಿಕ್ಕ ಬಿಡಾರದ ಮೇಲೆ ನಿಲ್ಲುತ್ತೆ, ಜೆಬ್ ಕೆಲಸ ಬಿಟ್ಟು ಹೋಗುತ್ತಾನೆ. 1962ರ ಸ್ಟುಡಿಯೋ ಚಿತ್ರದಲ್ಲಿ ಅಷ್ಟಾದರೂ ಇದೆ. ಸಾಕಾ ಅಂದರೆ ಸಾಲದು, ಆ ಜನರಲ್ಲಿ ಒಬ್ಬರಿಗೂ ಹೆಸರಿಟ್ಟು ಮಾತಾಡಿಸುವ ಪಾತ್ರ ಇಲ್ಲ.

ಧಾರವಾಡ_ಮಳೆ:
ಆ ಭಾಗ ಛಲೋ ಅದ, ಅದನ್ನ ಒಪ್ಪತೇನಿ. ಉಳಿದದ್ದಕ್ಕ ನನ್ನ ಮಾತು ನಂದ.

ಕರಾವಳಿ_ನೋಡುಗ:
ಕೊನೆಯ ರೈಲು ಜಗಳ ನೋಡಿ ‘ಶೋಲೆ’ ನೆನಪಾಯ್ತು. ಅದಾದರೂ 70 ಎಂಎಂ ಹೌದಾ, ಇಲ್ಲ ಅದನ್ನೂ ಅಲ್ಲ ಅಂತೀರಾ?

ಮೂರುಸುರುಳಿ:
ತೆಗೆದದ್ದು 35 ಎಂಎಂನಲ್ಲಿ, ಪ್ರಿಂಟ್ ಮಾತ್ರ 70ಕ್ಕೆ ಹಿಗ್ಗಿಸಿದ್ದು. ಅಂದ ಹಾಗೆ ‘ಹೌ ದಿ ವೆಸ್ಟ್’ನಲ್ಲಿ ಅಗಲ ನೆಗೆಟಿವಿನ ಶಾಟುಗಳು ಇಲ್ಲವೇ ಇಲ್ಲ ಅಂತ ಅಲ್ಲ. ನಟರ ಹಿಂದೆ ಪರದೆ ಕಟ್ಟಿ ಮೊದಲೇ ತೆಗೆದ ದೃಶ್ಯ ಓಡಿಸುವ ಕೆಲಸವನ್ನು ಮೂರು ಲೆನ್ಸಿನಲ್ಲಿ ಮಾಡಲಾಗದು. ಅಂಥವನ್ನು ಅಲ್ಟ್ರಾ ಪ್ಯಾನಾವಿಷನ್ 70ರಲ್ಲಿ ತೆಗೆದು ಆಮೇಲೆ ಮೂರು ಪಟ್ಟಿಗೆ ಸೀಳಿದರು. ಯುದ್ಧದ ಕೆಲವು ಶಾಟುಗಳು ‘ರೇನ್‌ಟ್ರೀ ಕೌಂಟಿ’ (1957) ಮತ್ತು ‘ದಿ ಅಲಾಮೊ’ (1960) ಚಿತ್ರಗಳಿಂದ ಎತ್ತಿಕೊಂಡವು, ಅವೂ ಅಗಲ ನೆಗೆಟಿವಿನವೇ. ಗುರುತು ಹಿಡಿಯುವುದು ಸುಲಭ: ಅಲ್ಲಿ ನೇರ ಗೆರೆ ಮಡಚಿಕೊಳ್ಳುವುದಿಲ್ಲ, ಸುತ್ತಮುತ್ತಲಿನ ಶಾಟುಗಳಿಗಿಂತ ಚಿತ್ರ ಸ್ವಲ್ಪ ಮಂದ. ನದಿಯ ಸುಳಿಯಲ್ಲಿ ತೆಪ್ಪದ ಮೇಲಿನವರ ಮುಖ ಹತ್ತಿರದಿಂದ ಬಂದಾಗ ನೋಡಿ.

ಕುದುರೆಸವಾರ_68:
ಆ ರೈಲು ಜಗಳದ ದಿಮ್ಮಿಗಳು ನಿಜವಾದವು. ಸ್ಟಂಟ್ ಕಲಾವಿದ ಬಾಬ್ ಮಾರ್ಗನ್ ಅಲ್ಲೇ ದಿಮ್ಮಿ ಉರುಳಿ ಕಾಲು ಕಳೆದುಕೊಂಡರು. ಅದನ್ನು ತಿಳಿದು ನೋಡುವಾಗ ಮನಸ್ಸು ಭಾರವಾಗುತ್ತೆ.

ಅದೇ ಭಾಗದ ದರೋಡೆಕೋರ ಚಾರ್ಲಿ ಗ್ಯಾಂಟ್ ಆಗಿ ಈಲೈ ವಾಲಾಕ್. ರೈಲು ನಿಲ್ದಾಣದಲ್ಲಿ ಜೆಬ್‌ನ ಮಕ್ಕಳ ಕಡೆ ಬೆರಳನ್ನೇ ಪಿಸ್ತೂಲು ಮಾಡಿ ತೋರಿಸಿ ನಗುವ ಆ ಗಳಿಗೆ ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನೆಗೆ ಹಿಡಿಸಿ, ಮುಂದೆ ತನ್ನ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರದ ಟೂಕೊ ಪಾತ್ರಕ್ಕೆ ಕರೆದ.

ಹೊಲಿಗೆಗೆರೆ:
ಲಿಯೋನೆ ಚಿತ್ರಗಳ ಟೆಕ್ನಿಸ್ಕೋಪ್ ಎಂಬ ಫಿಲ್ಮ್ ಉಳಿಸುವ ಪದ್ಧತಿಯಲ್ಲಿ ಒಂದು ಫ್ರೇಮಿಗೆ ಎರಡೇ ರಂಧ್ರ. ಇಲ್ಲಿ ಮೂರು ಸುರುಳಿ ಸೇರಿ ಹದಿನೆಂಟು. ಒಂಬತ್ತು ಪಟ್ಟು ಫಿಲ್ಮ್! 164 ನಿಮಿಷದ ಈ ಚಿತ್ರದ ಒಂದು ಪ್ರಿಂಟು ಸುಮಾರು 20 ಕಿಲೋಮೀಟರ್ ಉದ್ದ. ಒಂದು ಸುರುಳಿಯಲ್ಲಿ ನಾಲ್ಕು ಫ್ರೇಮ್ ಹರಿದರೆ ಅಲ್ಲಿಗೆ ನಾಲ್ಕು ಕಪ್ಪು ಫ್ರೇಮ್ ಅಂಟಿಸಲೇಬೇಕು, ಇಲ್ಲದಿದ್ದರೆ ಆ ಪಟ್ಟಿ ಉಳಿದೆರಡಕ್ಕಿಂತ ಮುಂದೆ ಓಡುತ್ತೆ, ಕುದುರೆಯ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಈ ಪದ್ಧತಿಯಲ್ಲಿ ಕಥಾಚಿತ್ರ ಎರಡೇ ಬಂದು ನಿಂತುಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಫ್ರೀಮಾಂಟ್_ಕನ್ನಡಿಗ:
ಎರಡನೆಯದು ಗ್ರಿಮ್ ಸೋದರರ ಚಿತ್ರ, ‘ದಿ ವಂಡರ್‌ಫುಲ್ ವರ್ಲ್ಡ್ ಆಫ್ ದಿ ಬ್ರದರ್ಸ್ ಗ್ರಿಮ್’. ಅದೂ 2022ರಲ್ಲಿ ಬ್ಲೂ-ರೇಗೆ ಬಂತು, ಅದರಲ್ಲೂ ಎರಡೂ ರೂಪ ಇವೆ. ಮೂರು ಪ್ರೊಜೆಕ್ಟರಿನಲ್ಲೇ ನೋಡುವ ಆಸೆ ಇದ್ದವರು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಪಿಕ್ಚರ್‌ವಿಲ್ ಥಿಯೇಟರಿನ ಕಾರ್ಯಕ್ರಮ ಪಟ್ಟಿ ಗಮನಿಸುತ್ತಿರಿ. ಅಮೆರಿಕದಲ್ಲಿ ಸಿಯಾಟಲ್‌ನ ಸಿನೆರಾಮಾ ಥಿಯೇಟರ್ ಮತ್ತು ಹಾಲಿವುಡ್‌ನ ಸಿನೆರಾಮಾ ಡೋಮ್ ಥಿಯೇಟರ್ ಎರಡರಲ್ಲೂ ಆ ಯಂತ್ರ ಕೂರಿಸಿದ್ದರು. ಹಾಲಿವುಡ್‌ನದು 2020ರಲ್ಲಿ ಬಾಗಿಲು ಹಾಕಿತು.

ಪರದೆಕಣ್ಣು:
ಎಲ್ಲರಿಗೂ ವಂದನೆ. ಎರಡನೆಯ ಡಿಸ್ಕ್, ಕುರ್ಚಿ 1.2 ಮೀಟರಿನಲ್ಲಿ, ಮೂರು ಸ್ಪೀಕರೂ ಸರಿದೂಗಿಸಿ ಆಯಿತು. ಒಂದೇ ಅನುಮಾನ ಉಳಿದಿದೆ: ಪ್ಲೇ ಒತ್ತಿದ ಮೇಲೆ ಹಾಡು ಬರುತ್ತಿದೆ, ಕಥೆ ಶುರುವಾಗುತ್ತಿಲ್ಲ. ಡಿಸ್ಕ್ ಸಿಕ್ಕಿಹಾಕಿಕೊಂಡಿದೆಯಾ?

ಧ್ವನಿಪೆಟ್ಟಿಗೆ:
ಇಲ್ಲ ಸರ್, ಅದು ಓವರ್ಚರ್. ಜನ ಒಳಗೆ ಬಂದು ಕೂರುವ ತನಕ ನುಡಿಸುತ್ತಿದ್ದ ಸಂಗೀತ. ನಡುವೆ ಇಂಟರ್ವಲ್ ಬಂದಾಗಲೂ, ಮುಗಿದ ಮೇಲೂ ಹೀಗೇ ಇದೆ. ಮುಂದಕ್ಕೆ ಓಡಿಸಬೇಡಿ. ದೀಪ ಆರಿಸಿ, ಧ್ವನಿ ಎಷ್ಟು ಬೇಕೋ ಅಷ್ಟಕ್ಕೆ ಈಗಲೇ ಹೊಂದಿಸಿಕೊಳ್ಳಿ.